ಉಪ್ಪು ನೋಡದ ಅಡುಗೆ ಮೇಸ್ತ್ರಿ

ನಮ್ಮ ಮನೆಯಲ್ಲಿ ಒಳ್ಳೇ ಬುದ್ಧಿಯಿಂದ ಒಂದು ಕೆಲಸ ಶುರುವಾಯಿತು ಅಂದರೆ ಸಾಕು, ಓಣಿಯವರೆಲ್ಲ ನಗೋದಕ್ಕೆ ತಯಾರಾಗಿ ಕೂತುಬಿಡ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಇಲ್ಲಿವರೆಗೆ ನಾವು ಒಂದು ಸಲವೂ ಅವರಿಗೆ ನಿರಾಸೆ ಮಾಡಿಲ್ಲ. ನಾನು ರಾಯದುರ್ಗದಲ್ಲಿ ಅಡುಗೆ ಮೇಸ್ತ್ರಿ. ಮದುವೆ, ಗೃಹಪ್ರವೇಶ, ತೊಟ್ಟಿಲು, ತಿಥಿ, ಯಾವುದಕ್ಕಾದರೂ ಕರೀರಿ, ಕೊಪ್ಪರಿಗೆ ಸೌಟು ಸಮೇತ ಬರ್ತೀನಿ. ಇಪ್ಪತ್ತೈದು ವರ್ಷ ಒಲೆ ಮುಂದೆ ನಿಂತ ಇಂಥ ಮನುಷ್ಯ ಮೂರು ತಿಂಗಳು ಬೆಂದದ್ದನ್ನು ಬಾಯಿಗೆ ಹಾಕದೆ ಬದುಕಿದ. ಒಂದೇ ಒಂದು ದಿನ ತಪ್ಪಿತು, ಅದನ್ನೂ ಮುಚ್ಚಿಡಲ್ಲ, ಹೇಳ್ತೀನಿ. ನಗೋರು ನಗ್ರಿ. ನನಗಂತೂ ಆಗ ನಗು ಬಂದಿರಲಿಲ್ಲ.

೧. ಇಬ್ಬರು ದೊಡ್ಡವರು

ನನಗೆ ಶುಗರ್. ಮಾತ್ರೆ ನುಂಗ್ತಾನೇ ಇದ್ದೆ, ಅದು ಏರ್ತಾನೇ ಇತ್ತು. ಆಸ್ಪತ್ರೆಯ ಡಾಕ್ಟರು ಕೊನೆಗೆ, "ಇನ್ನು ಮೂರು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರ ದಿನಾ ಇಂಜೆಕ್ಷನ್ ಚುಚ್ಚಿಕೋಬೇಕಾಗತೈತಿ" ಅಂದುಬಿಟ್ಟರು. ಕುದಿಯೋ ಎಣ್ಣೆ ಸಿಡಿದರೆ ಕೈ ಒರೆಸಿಕೊಂಡು ಮುಂದೆ ಹೋಗೋನು ನಾನು. ಆದರೆ ಸೂಜಿ ಅಂದರೆ ನನಗೆ ಕೈಕಾಲು ತಣ್ಣಗಾಗ್ತವೆ. ಇದು ನನ್ನ ಹೆಂಡತಿಗೂ ದೇವರಿಗೂ ಮಾತ್ರ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು.

ಊಟದಲ್ಲಿ ಏನಾದರೂ ಬದಲು ಮಾಡಿ ನೋಡೋಣ ಅಂತ ಊರಿನ ಆಯುರ್ವೇದದ ಪಂಡಿತರ ಹತ್ತಿರ ಹೋದೆವು. ಅವರು ನಾಡಿ ಹಿಡಿದರು, ನಾಲಿಗೆ ನೋಡಿದರು, ತಮ್ಮ ಪುಸ್ತಕ ತೆಗೆದರು.

"ಸಿಹಿ ತಿಂತೀರೇನು ಮೇಸ್ತ್ರಿ?"

"ಇಲ್ರಿ. ಇಪ್ಪತ್ತು ವರ್ಷ ಆತು, ಎಲಿ ಮುಂದ ಕೂತು ಒಂದು ಹೋಳಿಗಿ ಮುರಿದಿಲ್ಲ."

ದೇವರಾಣೆ ಸತ್ಯ ಅದು. ಅವರು ಅದನ್ನೂ ಬರೆದುಕೊಂಡರು. "ವಾತ ಪಿತ್ತ ಎರಡೂ ಕೆರಳ್ಯಾವ. ಬಿಸಿಬಿಸಿ ಉಣ್ರಿ, ಹಗುರ ಉಣ್ರಿ, ಹಸಿವಾದ ಮ್ಯಾಲ ಉಣ್ರಿ. ತಣ್ಣಂದು ಬ್ಯಾಡ. ಊಟದಾಗ ಆರೂ ರುಚಿ ಇರಬೇಕು. ಚೆನ್ನಾಗಿ ಅಗದು ನುಂಗಬೇಕು. ಮಾತ್ರಿ ಮಾತ್ರ ಬಿಡಬ್ಯಾಡ್ರಿ."

ಮನೆಗೆ ಬಂದು ನನ್ನ ಹೆಂಡತಿ ಅವಳ ಅಣ್ಣನಿಗೆ ಫೋನ್ ಹಚ್ಚಿದಳು. ಅವಳ ತವರು ಮಡಕಶಿರ ಹತ್ತಿರ, ಗುಡಿಬಂಡೆ ಕಡೆ. ನಮ್ಮ ಭಾವ ಅಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕ್ತಾರೆ. ಹೋದ ವರ್ಷ ಎಲ್ಲೋ ಪ್ರಕೃತಿ ಚಿಕಿತ್ಸೆ ಶಿಬಿರಕ್ಕೆ ಹೋಗಿ ಬಂದವರು ಅವತ್ತಿನಿಂದ ಬರೀ ಹಸೀದು.

"ಬೇಯ್ಸಿದ್ರೆ ಅದ್ರ ಜೀವ ಹೋಯ್ತೈತೆ ಕಣಮ್ಮಿ" ಅಂದರು ಭಾವ. "ಒಲೆ ಮುಟ್ಟಿದ್ದು ಏನೂ ಕೊಡ್ಬೇಡ. ಕಾಯಿ, ಸೊಪ್ಪು, ಮೊಳಕೆ ಕಾಳು, ಎಲ್ಲಾ ಹಸೀದು."

ನನಗೆ ಖುಷಿಯಾಯಿತು. ಒಬ್ಬರು ಬಿಸಿ ಉಣ್ಣು ಅಂತಾರೆ, ಇನ್ನೊಬ್ಬರು ಬೇಯಿಸಲೇಬೇಡ ಅಂತಾರೆ. ಎರಡೂ ಹೊಂದಲ್ಲ, ಹಾಗಾಗಿ ಎರಡನ್ನೂ ಬಿಟ್ಟುಬಿಡಬಹುದು ಅಂದುಕೊಂಡೆ. ನನ್ನ ಹೆಂಡತಿಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಬುದ್ಧಿ ಬಂದಿಲ್ಲ. ಅವಳಿಗೆ ಯಾರ ಮನಸ್ಸನ್ನೂ ನೋಯಿಸೋಕೆ ಬರಲ್ಲ, ನನ್ನ ಮನಸ್ಸೊಂದು ಬಿಟ್ಟು.

"ಇಬ್ರೂ ದೊಡ್ಡೋರು. ಇಬ್ರೂ ನಿಮ್ ಒಳ್ಳೇದ್ಕೇ ಹೇಳವ್ರೆ. ಒಬ್ರ ಮಾತು ನಡ್ಸಿ ಇನ್ನೊಬ್ರದ್ದು ಬಿಟ್ರೆ ಏನ್ ಅಂದ್ಕಂಡಾರು? ಇಬ್ರದ್ದೂ ನಡ್ಸಾನ."

ನಾನು ಆಗಲ್ಲ ಅಂತ ಕೂಗಾಡಿದೆ. ಅವಳು ಸಮಾಧಾನವಾಗಿ, "ನಮ್ಮಪ್ಪನ ಕಾಲಿಗೆ ಶುಗರ್ ಗಾಯ ಆದಾಗ ದಿನಾ ಬಟ್ಟೆ ಕಟ್ಟಿದೋಳು ನಾನು. ನಿಮ್ ಕಾಲಿಗೆ ಕಟ್ಟಾಕೆ ನನ್ ಕೈಲಾಗಲ್ಲ" ಅಂದಳು. ಮೂರು ತಿಂಗಳು ಬೆಂದದ್ದು ಬಾಯಿಗೆ ಹಾಕಲ್ಲ ಅಂತ ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಆಮೇಲೆ ಮೆಲ್ಲಗೆ ಕೇಳಿದೆ, "ಎರಡೂ ಹೆಂಗ ನಡಸ್ತಿ?"

"ಅದೇನ್ ಮಹಾ" ಅಂದಳು. "ಹಸೀದೇ ಉಣ್ರಿ. ಬಿಸಿಬಿಸಿಯಾಗಿ ಉಣ್ರಿ."

೨. ಮಾಳಿಗೆ ಮೇಲಿನ ಬಿಸಿ

ಹಸೀದನ್ನು ಒಲೆಯಿಲ್ಲದೆ ಬಿಸಿ ಮಾಡೋದು ಹೇಗೆ ಅಂತ ನೀವು ತಲೆ ಕೆಡಿಸಿಕೊಳ್ಳಬೇಡಿ. ರಾಯದುರ್ಗದಲ್ಲಿ ಬಿಸಿಲಿಗೇನು ಬರ? ಹತ್ತು ಗಂಟೆಗೆ ನನ್ನ ಹೆಂಡತಿ ಸೌತೆಕಾಯಿ, ಗಜ್ಜರಿ ತುರಿದು, ಹೆಸರುಕಾಳಿನ ಮೊಳಕೆ ಹರವಿ, ತಟ್ಟೆ ತಟ್ಟೆಯಲ್ಲಿ ಮಾಳಿಗೆ ಮೇಲೆ ಇಡೋಳು. ಹನ್ನೆರಡಕ್ಕೆ ಬಟ್ಟೆ ಹಿಡಿದು ಇಳಿಸೋಳು. ಬರಿ ಕೈಯಲ್ಲಿ ಹಿಡಿಯೋ ಹಾಗಿರಲಿಲ್ಲ. ಆರು ರುಚಿಯ ಲೆಕ್ಕಕ್ಕೆ ಹಸೀ ಹಾಗಲಕಾಯಿ, ಹುಣಸೆ ಚಿಗುರು, ಹಸಿಶುಂಠಿ, ನೆಲ್ಲಿಕಾಯಿ. ಹಸೀ ಹಾಗಲಕಾಯಿ ಬಿಸಿಲಿಗೆ ಕಾದರೆ ಇನ್ನಷ್ಟು ಕಹಿಯಾಗ್ತದೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಕ್ಕಿಲ್ಲ, ನಾನೇ ಕಂಡುಹಿಡಿದದ್ದು.

ನಾನು ತಟ್ಟೆ ದೂಡಿ ರೇಗಿದರೆ ಅವಳಿಗೆ ಸಿಟ್ಟೂ ಬರ್ತಿರಲಿಲ್ಲ. "ಇದು ನೀವ್ ಮಾತಾಡ್ತಿರೋದಲ್ಲ, ನಿಮ್ ಪಿತ್ತ" ಅಂತ ಇನ್ನೊಂದು ನೆಲ್ಲಿಕಾಯಿ ಹಾಕೋಳು. ಜಗಳ ಆಡೋ ಹಕ್ಕೂ ನನಗೆ ಉಳಿಯಲಿಲ್ಲ.

ಎರಡನೇ ವಾರ ಒಂದು ದಿನ ತಟ್ಟೆಗಳನ್ನು ಮಾಳಿಗೆ ಮೇಲಿಟ್ಟು, ಹತ್ತಿರದ ನೆಂಟರ ಮನೆಗೆ ಹೋದೆವು. ಅರ್ಧ ಗಂಟೆಯ ಮಾತು ಸಂಜೆವರೆಗೆ ಎಳೀತು. ಮಧ್ಯಾಹ್ನವೆಲ್ಲ ಅಲ್ಲಿ ನಾನು ಉಂಡದ್ದು ಎರಡು ಲೋಟ ಮಜ್ಜಿಗೆ. ಮನೆಗೆ ಬಂದು ಬಾಗಿಲು ತೆಗೆಯೋದರೊಳಗೆ ಪಕ್ಕದ ಮನೆ ಅಕ್ಕ ದೊಡ್ಡ ಬಟ್ಟಲು ಹಿಡಿದು ಬಂದರು. ಅವರದೂ ನಮ್ಮದೂ ಮಾಳಿಗೆ ಕೂಡಿಕೊಂಡೇ ಇದೆ.

"ಸಂಡಿಗಿ ಬಿಸಿಲಾಗ ಬಿಟ್ಟು ಹೋಗೀರಲ್ರಿ? ಕಾಗಿ ಮುಟ್ಟೀತಂತ ನನ್ನ ಹಳೇ ಸೀರಿ ಹೊಚ್ಚಿದ್ದೆ. ಗರಿಗರಿ ಒಣಗಿದ್ವು. ನೀವು ದಣದು ಬರ್ತೀರಿ ಅಂತ ಕರದು ತಂದೀನಿ ನೋಡ್ರಿ. ಅಲ್ರಿ, ಹಿಟ್ಟಿಗಿ ಉಪ್ಪು ಹಾಕೋದೇ ಮರತೀರೇನು?"

ಬಟ್ಟಲಿನಲ್ಲಿ ನನ್ನ ಮಧ್ಯಾಹ್ನದ ಊಟ ಎಣ್ಣೆಯಲ್ಲಿ ಕೆಂಪಗೆ ಕರಿದುಕೊಂಡು ಕೂತಿತ್ತು. ಬಾಯಲ್ಲಿ ನೀರು ಬಂತು, ಆಣೆ ನೆನಪಾಯಿತು, ಹೆಂಡತಿ ಮುಖ ನೋಡಿದೆ. ಅವಳು ಒಂದು ಕ್ಷಣ ಯೋಚನೆ ಮಾಡಿದಳು. ಅಕ್ಕ ಎದುರಿಗೇ ನಿಂತಿದ್ದರಲ್ಲ.

"ಉಣ್ರಿ. ಪಾಪ ಅಕ್ಕ ಕಷ್ಟಪಟ್ಟು ಮಾಡವ್ರೆ" ಅಂದಳು. "ಬಿಸಿನೂ ಐತೆ. ನಮ್ ಒಲೇನೂ ಹತ್ಸಿಲ್ಲ."

ಆ ಮೂರು ತಿಂಗಳಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅದೊಂದೇ ದಿನ.

೩. ಅಗಿಯುವ ಮುದ್ದೆ

ನಾನು ಹುಟ್ಟಿ ಬೆಳೆದದ್ದು ಜೋಳದ ರೊಟ್ಟಿಯಲ್ಲಿ. ಮದುವೆಯಾದ ಹೊಸದರಲ್ಲಿ ಅತ್ತೆ ಮನೆಯಲ್ಲಿ ರಾಗಿ ಮುದ್ದೆ ಬಡಿಸಿದಾಗ ಅಗಿದುಬಿಟ್ಟೆ. ಆ ಕಡೆ ಮುದ್ದೆ ಅಗಿಯೋದು ಅಂದರೆ ಊರಿಗೆಲ್ಲ ಸುದ್ದಿ. ಮುದ್ದೆ ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. "ಅಳಿಯಂದಿರು ಮುದ್ದೆ ಅಗೀತಾರೆ" ಅಂತ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ನೋಡಿ ಹೋಗಿದ್ದರು. ಇಪ್ಪತ್ತು ವರ್ಷವಾದರೂ ಆ ನಗು ನಿಂತಿರಲಿಲ್ಲ.

ಒಂದು ತಿಂಗಳಾದ ಮೇಲೆ ಭಾವ ನನ್ನನ್ನು ಪರೀಕ್ಷೆ ಮಾಡೋಕೆ ಕರೆಸಿಕೊಂಡರು. ಮೊದಲು ಹುಳದ ಮನೆಗೆ ಕರೆದುಕೊಂಡು ಹೋಗಿ ತಟ್ಟೆಗಳನ್ನು ತೋರಿಸಿದರು. ಸಾವಿರಾರು ಹುಳ ಸರಸರ ಎಲೆ ಮೇಯ್ತಿದ್ದವು.

"ನೋಡಿ ಭಾವ, ಎಷ್ಟು ಮೈಕೈ ತುಂಬ್ಕಂಡವೆ. ಒಂದಾದ್ರೂ ಎಲೆ ಬೇಯ್ಸ್ಕಂಡು ತಿಂತೈತಾ?"

"ಇಲ್ಲ ಭಾವ" ಅಂದೆ. "ಆದರ ಕೊನಿಗೆ ಅವನ್ನೇ ಬಿಸಿನೀರಾಗ ಹಾಕ್ತಾರಲ್ರಿ."

ಭಾವ ನನ್ನನ್ನು ಊಟಕ್ಕೆ ಎಳೆದುಕೊಂಡು ಹೋದರು. ನನ್ನ ಹೆಂಡತಿ ಫೋನಿನಲ್ಲಿ ಪಂಡಿತರ ಮಾತೆಲ್ಲ ಹೇಳಿದ್ದಳು, ಭಾವನಿಗೂ ಅದು ಹಿಡಿಸಿತ್ತು. ಅವರ ಹೊಸ ಅಡುಗೆ ಹಸೀ ಮುದ್ದೆ. ರಾಗಿ ನೆನೆಸಿ, ಮೊಳಕೆ ಕಟ್ಟಿ, ರುಬ್ಬಿ, ಉಂಡೆ ಮಾಡಿ, ಅಂಗಳದ ಕಲ್ಲಿನ ಮೇಲೆ ಬಿಸಿಲಿಗಿಟ್ಟು ತಂದರು. ಜೊತೆಗೆ ಹಸೀ ಸೊಪ್ಪು. ನಮ್ಮ ಅತ್ತೆ ಗೋಡೆಗೆ ಒರಗಿ ಕೂತು ನೋಡ್ತಿದ್ದರು. ಅವರ ತಟ್ಟೆಯಲ್ಲಿ ಹೊಗೆಯಾಡೋ ನಿಜವಾದ ಮುದ್ದೆ, ಹುರುಳಿಕಾಳಿನ ಸಾರು. ಆ ವಾಸನೆಗೆ ನನಗೆ ಅಳು ಬರೋದೊಂದೇ ಬಾಕಿ.

ಭಾವ ಹಸೀ ಮುದ್ದೆ ಮುರಿದು ಅಭ್ಯಾಸದ ಮೇಲೆ ನುಂಗೋಕೆ ಹೋದರು. ಅದು ಗಂಟಲಲ್ಲೇ ನಿಂತಿತು. ಕಣ್ಣು ಮೇಲೆ ಹೋದವು. ನಾನು ಬೆನ್ನಿಗೆ ಎರಡು ಗುದ್ದಿ ನೀರು ಕುಡಿಸಿದೆ. ಸುಧಾರಿಸಿಕೊಂಡು, ಆಚೆ ಈಚೆ ನೋಡಿ, ಪಂಡಿತರು ಹೇಳಿದ ಹಾಗೆ ಅಗಿಯೋಕೆ ಶುರು ಮಾಡಿದರು. ನಾನೂ ಅಗಿದೆ. ಇಬ್ಬರೂ ಎದುರಾಬದುರು ಕೂತು ತುಂಬ ಹೊತ್ತು ಅಗಿದೆವು.

ಅತ್ತೆ ತಮ್ಮ ಮುದ್ದೆ ಮುಗಿಸಿದರು. ಕೈ ತೊಳೆದು ಬಂದು ಹೇಳಿದರು, "ಇಪ್ಪತ್ ವರ್ಸ ಅಳಿಯನ್ನ ನೋಡಿ ನಕ್ಕೆ. ಅದ್ರ ಪಾಪ ಈಗ ಮಗನ್ ಬಾಯಿಗೆ ಬಂದೈತೆ."

೪. ಗುಮ್ಮಘಟ್ಟದ ಉಪ್ಪಿನಕಾಯಿ

ಮನೆಯಲ್ಲಿ ಹಸೀದು ತಿನ್ನೋದು ಹೇಗೋ ನಡೀತು. ಕಷ್ಟ ಬಂದದ್ದು ಕಸುಬಿನಲ್ಲಿ. ಬೇಯಿಸಿದ್ದನ್ನು ಬಾಯಿಗೆ ಹಾಕಬಾರದು ಅಂದರೆ ಉಪ್ಪು ಖಾರ ನೋಡೋದು ಹೇಗೆ?

"ರುಚಿ ನೋಡೋದು ತಿನ್ನೋದರಾಗ ಬರಲ್ಲ" ಅಂತ ಹೆಂಡತಿ ಹತ್ತಿರ ವಾದ ಮಾಡಿದೆ.

"ಬಾಯಿಗ್ ಹೋದ್ರೆ ಹೋದಂಗೇ" ಅಂದಳು. "ನನ್ ತಲೆ ಮುಟ್ಟಿದೀರ. ಆಮೇಲ್ ನಿಮ್ಮಿಷ್ಟ."

ಹೀಗೆ ಹೇಳಿದರೆ ಯಾವ ಗಂಡಸಿಗೆ ಧೈರ್ಯ ಬರ್ತದೆ? ಗುಮ್ಮಘಟ್ಟದಲ್ಲಿ ಕುರಿ ಸಾಕೋ ದೊಡ್ಡ ಮನೆಯವರ ಗೃಹಪ್ರವೇಶ ಒಪ್ಪಿಕೊಂಡಿದ್ದೆ. ನಮ್ಮ ಜೊತೆ ರೊಟ್ಟಿ ಬಡಿಯೋಕೆ ಬರೋ ಹಿರಿಯಮ್ಮ ಒಬ್ಬರಿದ್ದಾರೆ. ಉಪ್ಪು ನೋಡೋ ಕೆಲಸ ಅವರಿಗೆ ವಹಿಸಿದೆ. ಸಾರು ಕೊಟ್ಟೆ, "ಸರಿ ಐತ್ರಿ" ಅಂದರು. ಪಲ್ಯ ಕೊಟ್ಟೆ, "ಒಂಚೂರು ಜಾಸ್ತೀನ ಆತು, ಇನ್ನ ಹಾಕಬ್ಯಾಡ್ರಿ" ಅಂದರು. ಚಿತ್ರಾನ್ನಕ್ಕಂತೂ ಮುಖವನ್ನೇ ಕಿವುಚಿದರು. ನಾನು ಹೆದರಿ ಮುಂದಿನದಕ್ಕೆಲ್ಲ ಉಪ್ಪಿನ ಕೈ ಹಿಡಿದೆ.

ಪಂಕ್ತಿಯಲ್ಲಿ ಮೊದಲ ತುತ್ತಿಗೇ ಎಲ್ಲರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ, "ಉಪ್ಪಿನಕಾಯಿ ತರ್ರಿ", "ಇಲ್ಲೂ ಉಪ್ಪಿನಕಾಯಿ", "ಆ ಭರಣೀನೇ ಇಲ್ಲಿಡ್ರಿ". ಎರಡನೇ ಪಂಕ್ತಿಗೆ ಭರಣಿ ಖಾಲಿ. ನಾನು ಹಿರಿಯಮ್ಮನ ಹತ್ತಿರ ಓಡಿದೆ.

"ಉಪ್ಪು ಸರಿ ಐತಿ ಅಂದ್ರಲ್ಲಮ್ಮ?"

"ಹೌದ್ರಿ, ನನಗ ಸರಿ ಐತಿ. ಬಿಪಿ ಬಂದು ಹತ್ತು ವರ್ಷ ಆತು, ನಮ್ಮನ್ಯಾಗ ಉಪ್ಪೇ ಹಾಕಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಪ್ಪತ್ತೈದು ವರ್ಷದಲ್ಲಿ ನನ್ನ ಸಾರಿಗೆ ಯಾರೂ ಉಪ್ಪು ಕೇಳಿರಲಿಲ್ಲ. ಕೈ ತೊಳೆಯೋ ಹತ್ತಿರ ಮುಖ ಮರೆಸಿಕೊಂಡು ನಿಂತಿದ್ದಾಗ ಮನೆ ಯಜಮಾನರು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಬೈತಾರೆ ಅಂದುಕೊಂಡೆ. ಅವರು ಬಹಳ ಮೆತ್ತಗೆ ಕೇಳಿದರು.

"ಮೇಸ್ತ್ರಿ, ಆ ಉಪ್ಪಿನಕಾಯಿ ಹಾಕಿದೋರು ಯಾರ್ರಿ? ಮುಂದಿನ ಸಲ ಅಡಿಗಿ ಅವರಿಗೇ ಹೇಳಬೇಕು."

೫. ಬೊಮ್ಮನಹಾಳ್ ಪಂಕ್ತಿ

ಸುದ್ದಿ ನನಗಿಂತ ಮುಂಚೆ ಶೇರ್ ಆಟೋ ಹತ್ತಿ ಊರೂರು ತಿರುಗಿತು. ಅದೂ ಏನಂತ? ಉಪ್ಪು ಕಮ್ಮಿ ಅಂತ ಅಲ್ಲ. ಮೇಸ್ತ್ರಿ ತಾನು ಮಾಡಿದ್ದನ್ನು ತಾನೇ ತಿನ್ನಲ್ಲ ಅಂತ.

ನಮ್ಮಲ್ಲಿ ಒಂದು ಪದ್ಧತಿ. ನನಗೆ ಕಸುಬು ಕಲಿಸಿದ ದೊಡ್ಡ ಮೇಸ್ತ್ರಿಯಿಂದ ಬಂದದ್ದು. ದೇವರಿಗೆ ಎಡೆ ತೆಗೆದಾದ ಮೇಲೆ, ಪಂಕ್ತಿ ಕೂಡಿಸೋಕೆ ಮುಂಚೆ, ಮೇಸ್ತ್ರಿ ಯಜಮಾನರ ಎದುರಿಗೆ ನಿಂತು ಎಲ್ಲದರಲ್ಲೂ ಒಂದು ತುತ್ತು ಬಾಯಿಗೆ ಹಾಕಬೇಕು. ನಾನು ಮಾಡಿದ್ದಕ್ಕೆ ನಾನೇ ಜವಾಬ್ದಾರಿ ಅನ್ನೋ ಲೆಕ್ಕ. ಗುಮ್ಮಘಟ್ಟದಲ್ಲಿ ಗಡಿಬಿಡಿಯಲ್ಲಿ ಅದನ್ನು ತಪ್ಪಿಸಿಕೊಂಡಿದ್ದೆ. ಬೊಮ್ಮನಹಾಳ್‌ನಲ್ಲಿ ತಪ್ಪಿಸಿಕೊಳ್ಳೋ ಹಾಗಿರಲಿಲ್ಲ. ಅದು ಭತ್ತದ ಗದ್ದೆಯ ದೊಡ್ಡ ಮನೆತನ, ಮೂರು ಮದುವೆಗೆ ನಾನೇ ಮಾಡಿದ್ದೆ, ಇದು ಕೊನೇ ಮಗಳದು. ಈ ಮನೆ ಕೈ ಬಿಟ್ಟರೆ ಆ ಸುತ್ತಿನ ಊರುಗಳೆಲ್ಲ ಕೈ ಬಿಟ್ಟ ಹಾಗೆ.

ಧಾರೆ ಮುಗಿದು ಊಟದ ಹೊತ್ತಾಯಿತು. ಗಂಡಿನ ಕಡೆಯವರೊಬ್ಬರು, "ವಂಟ ಮೇಸ್ತ್ರಿಯೇ ತಿನಡಂಟ" ಅಂತ ತೆಲುಗಿನಲ್ಲಿ ಗುಸುಗುಸು ಮಾಡಿದ್ದು ಕೇಳಿಸಿತು. ಅಡುಗೆಯವನೇ ತಿನ್ನಲ್ಲವಂತೆ, ಅಂತ. ಯಜಮಾನರು ನನ್ನೆದುರಿಗೆ ಬಂದು ನಿಂತರು.

"ಮೇಸ್ತ್ರಿ, ನೀವು ಒಂದು ತುತ್ತು ಬಾಯಿಗೆ ಹಾಕ್ರಿ. ಬೀಗರು ನೋಡಾಕತ್ಯಾರ. ಇಲ್ಲಾಂದ್ರ ಪಂಕ್ತಿ ಕೂಡಲ್ಲ."

ಆ ಕಡೆ ಯಜಮಾನರು, ಈ ಕಡೆ ಹೆಂಡತಿಯ ತಲೆ ಮೇಲಿನ ಆಣೆ. ಎಲೆ ಹಾಸಿದ್ದಾರೆ, ನೀರು ಚಿಮುಕಿಸಿದ್ದಾರೆ, ಇಷ್ಟು ಜನ ನನ್ನ ಬಾಯಿ ನೋಡ್ತಿದ್ದಾರೆ. ಅಷ್ಟರಲ್ಲಿ ತರಕಾರಿ ಹೆಚ್ಚೋಕೆ ನನ್ನ ಜೊತೆ ಬಂದಿದ್ದ ಹೆಂಡತಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ಸ್ವಾಮಿ, ಅವ್ರಿಗೆ ಪಥ್ಯ. ನಾನೇ ಬೇಡ ಅಂದಿರೋದು. ಅವ್ರಲ್ಲಿ ಅರ್ಧ ನಾನು. ನಾನ್ ತಿಂದ್ರೆ ಆಗಲ್ವಾ?"

ಯಜಮಾನರು ಬೀಗರ ಮುಖ ನೋಡಿದರು. ಬೀಗರು ತಲೆ ಆಡಿಸಿದರು. ನಾನು ಅವಳ ಕೈಗೆ ಸಾರು ಹಾಕಿದೆ, "ಒಂದ್ ಹಿಡಿ ಉಪ್ಪು" ಅಂದಳು. ಹಾಕಿದೆ. ಎಣ್ಣೆಗಾಯಿಗೆ, "ಸರಿ ಐತೆ." ಬಾಯಿ ಒಳ್ಳೇದು ಅವಳದು, ನಾನು ಅಲ್ಲಿವರೆಗೆ ಗಮನಿಸಿರಲೇ ಇಲ್ಲ. ಆಮೇಲೆ ಹೋಳಿಗೆಯ ಹೂರಣ. ಕಣ್ಣು ಮುಚ್ಚಿ ತಿಂದಳು. ಬಹಳ ಹೊತ್ತು ಯೋಚಿಸಿದಳು.

"ಗೊತ್ತಾಗ್ಲಿಲ್ಲ. ಇನ್ನೊಸಿ ಹಾಕಿ."

ಹಾಕಿದೆ. ಮತ್ತೆ ಕಣ್ಣು ಮುಚ್ಚಿದಳು. "ಬೆಲ್ಲ ಸರಿ ಐತೆ. ಏಲಕ್ಕಿದೇ ಅನುಮಾನ. ಇನ್ನೊಂದ್ ಕಿತ ನೋಡ್ತೀನಿ." ಆಮೇಲೆ ಪಾಯಸ, ಅದೂ ಲೋಟದಲ್ಲಿ. ಪಂಕ್ತಿಯಲ್ಲಿ ಕೂತ ಮುದುಕರು ಎಲೆಯ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು. ಯಜಮಾನರು ಕೊನೆಗೆ ಎರಡೂ ಕೈ ಮುಗಿದರು.

"ಯಮ್ಮಾ, ರುಚಿ ನೋಡ್ರಿ ಅಂದಿದ್ದು. ನಮಗೂ ಒಂದೀಟು ಉಳಸ್ರಿ."

೬. ಪರೀಕ್ಷೆ

ಅವತ್ತಿನಿಂದ ಎಲ್ಲ ಕಾರ್ಯಕ್ಕೂ ರುಚಿ ನೋಡೋ ಕೆಲಸ ಅವಳದೇ ಆಯಿತು. ನನ್ನ ಹೆಸರೂ ಉಳೀತು. ಮೂರು ತಿಂಗಳ ಗಡುವು ಮುಗಿದಾಗ ರಕ್ತ ಕೊಟ್ಟು, ಕಾಗದ ಹಿಡಿದು ಪಂಡಿತರ ಹತ್ತಿರ ಹೋದೆವು. ದಾರಿಯುದ್ದಕ್ಕೂ ನನ್ನ ತೋಳು ಆಗಲೇ ಸೂಜಿ ಚುಚ್ಚಿದ ಹಾಗೆ ಜುಮುಗುಡ್ತಿತ್ತು.

ಪಂಡಿತರು ಕಾಗದ ಹತ್ತಿರ ಹಿಡಿದರು, ದೂರ ಹಿಡಿದರು. "ಇಳದೈತಲ್ರಿ. ಚಲೋ ಇಳದೈತಿ. ಇಂಜೆಕ್ಷನ್ ಮಾತೇ ಬರಲ್ಲ."

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದೆ. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಂಡಿತರು, "ಬಿಸಿ ಊಟದ ಗುಣ ನೋಡ್ರಿ" ಅಂದರು. ಹೆಂಡತಿ ಫೋನ್ ಹಚ್ಚಿದಳು, ಆ ಕಡೆಯಿಂದ ಭಾವ, "ನಾನ್ ಹೇಳ್ಲಿಲ್ವಾ, ಹಸೀದು" ಅಂದರು. ಇವಳು ಇಬ್ಬರಿಗೂ ನಮಸ್ಕಾರ ಮಾಡಿದಳು.

ಪಂಡಿತರ ಮೇಜಿನ ಮೇಲೆ ಬೆರಳು ಚುಚ್ಚಿ ನೋಡೋ ಚಿಕ್ಕ ಮಿಷಿನ್ ಇತ್ತು. "ಹೆಂಗೂ ಬಂದೀರಲ್ಲಮ್ಮ, ನಿಮ್ಮದೂ ಒಂದು ನೋಡೋಣ" ಅಂದರು. ನೋಡಿದರು. ಮಿಷಿನ್ ಕೆಟ್ಟಿರಬೇಕು ಅಂತ ಇನ್ನೊಂದು ಬೆರಳು ಚುಚ್ಚಿದರು. ಅವರ ಮುಖದಲ್ಲಿದ್ದ ನಗು ಹೋಯಿತು.

"ಸಿಹಿ ತಿಂತೀರೇನಮ್ಮ?"

"ಇಲ್ಲ ಸ್ವಾಮಿ. ಎಲೆ ಮುಂದೆ ಕುಂತು ಒಂದ್ ಹೋಳಿಗೆ ಮುರ್ದಿಲ್ಲ."

ಪಂಡಿತರು ಬರೆಯೋದು ನಿಲ್ಲಿಸಿದರು. "ಈ ಮಾತು ಎಲ್ಲೋ ಕೇಳೀನಿ" ಅಂತ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದರು. ಮೂರು ತಿಂಗಳ ಹಿಂದೆ ನಾನು ಹೇಳಿದ್ದು ಅಕ್ಷರ ಸಮೇತ ಅಲ್ಲಿತ್ತು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮೇಸ್ತ್ರಿ, ಖರೇ ಹೇಳ್ರಿ. ಈ ಮೂರು ತಿಂಗಳಾಗ ನಿಮ್ಮಿಬ್ಬರ ನಡುವ ಏನು ಬದಲಾತು?"

"ಏನಿಲ್ರಿ. ಮೊದಲು ನಾನು ರುಚಿ ನೋಡ್ತಿದ್ದೆ. ಈಗ ಈಕಿ ನೋಡ್ತಾಳ."

"ಹೂರಣದ ರುಚಿ ನೋಡೋದಂದ್ರ ಎಷ್ಟು?"

ನಾನು ಅಂಗೈ ಬಟ್ಟಲು ಮಾಡಿ ತೋರಿಸಿದೆ. "ಇಷ್ಟ್ರಿ. ಆಮ್ಯಾಲ ಪಾಯಸ ಒಂದು ಲೋಟ. ಲಾಡು ಇದ್ರ ಒಂದೆರಡು."

"ಅಷ್ಟ್ ಕಮ್ಮಿಲಿ ಎಲ್ ಗೊತ್ತಾಯ್ತದೆ?" ಅಂದಳು ನನ್ನ ಹೆಂಡತಿ. "ನಾನ್ ಎರಡ್ ಹಿಡಿ ನೋಡ್ತೀನಿ."

ಪಂಡಿತರು ಮೇಜಿನ ಮೇಲೆ ತಲೆ ಇಟ್ಟು ನಗೋಕೆ ಶುರು ಮಾಡಿದರು. ಹೊರಗೆ ಕೂತಿದ್ದ ರೋಗಿಗಳು ಇಣುಕಿ ನೋಡಿದರು. ನನಗೂ ಆಗ ಹೊಳೀತು. ಇಪ್ಪತ್ತೈದು ವರ್ಷ, ವಾರಕ್ಕೆ ಮೂರು ಕಾರ್ಯ, ಅಷ್ಟೂ ಹೂರಣ ಅಷ್ಟೂ ಪಾಯಸ ನನ್ನ ಹೊಟ್ಟೆಗೇ ಹೋಗಿತ್ತು. ತಿಂದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಜೋರಾಗಿ ನಕ್ಕೆ. ನಗುವಾಗಲೇ ಪಕ್ಕದಲ್ಲಿ ಸೆರಗಿನ ತುದಿ ಹಿಂಡುತ್ತಾ ಕೂತ ಅವಳನ್ನು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡೆ. ನನಗಾಗಿ ತಿಂದದ್ದು ಅದು.

"ಹೆದರಬ್ಯಾಡ್ರಿ, ಈಗೀಗ ಶುರುವಾಗಿದ್ದು, ಇಳೀತೈತಿ" ಅಂದರು ಪಂಡಿತರು. "ಆಸ್ಪತ್ರಿಗೂ ಒಮ್ಮೆ ತೋರಸ್ರಿ. ಹೂರಣ ಮಾತ್ರ ಇಬ್ಬರೂ ಮುಟ್ಟಬ್ಯಾಡ್ರಿ."

ಮಾರನೇ ದಿನ ಹತ್ತು ಗಂಟೆಗೆ ನಾನೇ ಸೌತೆಕಾಯಿ ತುರಿದು ಮಾಳಿಗೆ ಹತ್ತಿದೆ. ಈ ಸಲ ಎರಡು ತಟ್ಟೆ. ಪಕ್ಕದ ಮನೆ ಅಕ್ಕ ಗೋಡೆ ಆಚೆಯಿಂದ, "ಸಂಡಿಗಿ ಜಾಸ್ತಿ ಮಾಡೀರಲ್ರಿ, ಎಣ್ಣಿ ಕಾಯಾಕ ಇಡ್ಲೇನು?" ಅಂತ ಕೇಳಿದರು. ಅವರಿಗೆ ಕೈ ಮುಗಿದು ಕೆಳಗಿಳಿಯೋದರೊಳಗೆ ಭಾವನ ಫೋನ್ ಬಂತು. ತಂಗಿ ವಿಷಯವೆಲ್ಲ ತಿಳಿಸಿದ್ದಳು.

"ಹಂಗಾದ್ರೆ ಇನ್ಮ್ಯಾಗೆ ನಿಮ್ ಅಡ್ಗೆ ರುಚಿ ನೋಡೋರ್ಯಾರು ಭಾವ?"

"ಅದೇ ಚಿಂತಿ ಆಗೇತಿ ಭಾವ."

ಭಾವ ದನಿ ತಗ್ಗಿಸಿ ಕೇಳಿದರು, "ಮುಂದಿನ ಮದ್ವೆ ಯಾವತ್ತು? ಹೋಳಿಗೆದೇ ತಾನೇ? ನಾನೇ ಬತ್ತೀನಿ ಬುಡಿ."

"ಅಲ್ರಿ ಭಾವ, ನೀವು ಬೇಯಿಸಿದ್ದು ತಿನ್ನಲ್ಲಲ್ರಿ?"

"ತಿನ್ನಲ್ಲ ಭಾವ" ಅಂದರು. "ರುಚಿ ನೋಡ್ತೀನಿ, ಅಷ್ಟೇ."